ಚಪ್ಪಲಿ ಕಪ್

ನಮ್ಮ ಕಾಕುವಿನ ಮನೆಯಲ್ಲಿ ಚಹಾ ಕುಡಿದು, ಅಂಗಿ ಕಲೆ ಮಾಡಿಕೊಳ್ಳದೆ ಹೊರಬಂದವರನ್ನು ನಾನಿನ್ನೂ ಕಂಡಿಲ್ಲ! ಕಾಕು, ಅಂದರೆ ನನ್ನ ಚಿಕ್ಕಪ್ಪ ಕಾಕಾನ ಹೆಂಡತಿ, ಕೈಯಾರೆ ಮಾಡುವ ಕಪ್ಪುಗಳೆಲ್ಲ ಚೌಕ. ಮೂಲೆಗೆ ಬಾಯಿ ಹಚ್ಚಿದರೆ ಬದುಕಿದಿರಿ. ನಡುವೆ ಹಚ್ಚಿದಿರೋ, ಚಹಾ ಎರಡೂ ಗಲ್ಲದ ಮೇಲೆ ಇಳಿಯುತ್ತದೆ.

ಕುಂಬಾರರ ತಿಗರಿ ಅವರಿಗೆ ಒಗ್ಗಲಿಲ್ಲವಂತೆ. ಜೇಡಿಮಣ್ಣನ್ನು ಚಪಾತಿಯಂತೆ ಲಟ್ಟಿಸಿ, ಚಾಕುವಿನಿಂದ ಕತ್ತರಿಸಿ, ಅಂಚಿಗೆ ಅಂಚು ಅಂಟಿಸುತ್ತಾರೆ. ಅದು ನಿಧಾನವಾಗಿ ಒಣಗಬೇಕು, ಗಾಳಿ ತಾಗಬಾರದು. ಹಾಗಾಗಿ ಆಂಧ್ರಪ್ರದೇಶ ಇನ್ನೂ ಒಡೆಯದ ಆ ವರ್ಷದ ಮೇ ತಿಂಗಳಲ್ಲಿ, ಇಡೀ ರಾಜ್ಯ ಕರೆಂಟಿಲ್ಲವೆಂದು ಸರ್ಕಾರವನ್ನು ಬೈಯುವಾಗ, ಕುಷಾಯಿಗೂಡದ ಈ ಮನೆಯಲ್ಲಿ ಕರೆಂಟಿದ್ದೂ ಫ್ಯಾನ್ ಬಂದ್!

"ಕಾಕು, ಜೀವ ಹೊಂಟೈತ್ರಿ, ಫ್ಯಾನರ ಹಚ್ಚರಿ!"

"ನೀ ಸೊಟ್ಟಾದರ ನಡೀತೈತಿ. ಕಪ್ ಸೊಟ್ಟ ಆಗಬಾರದು."

ಈ ಮನೆಯಲ್ಲಿ ಚಹಾ ಮಾಡಿ ಹಂಚುವುದು ಮೊದಲಿನಿಂದ ಕಾಕಾನ ಕೆಲಸ. ಯಾರಿಗೆ ಎಷ್ಟು ಸಕ್ಕರೆ, ಎಲ್ಲ ಬಾಯಿಪಾಠ. ಆದರೆ ಆ ವರ್ಷ ಅವರ ಕಣ್ಣು ಮಂಜಾಗುತ್ತ ಬಂತು. ಒಂದು ದಿನ ತಮ್ಮ ಮಗಳ ಕಪ್ಪೆಂದುಕೊಂಡು, ಸಕ್ಕರೆ ಕಾಯಿಲೆಯ ನನಗೆ ಪಾಯಸದಂಥ ಚಹಾ ಕೊಟ್ಟರು. "ಇನ್ನ ಇದು ನನ್ನ ಕೈಲೆ ಆಗಂಗಿಲ್ಲ" ಎಂದು ಅಡಿಗೆಮನೆ ಬಿಟ್ಟು ಮೂಲೆ ಹಿಡಿದರು. ಮಾತೂ ನಿಂತಂತಾಯಿತು. ಗಂಡ ಹೀಗಿರುವಾಗ ಇವರು ಮಣ್ಣಾಡುತ್ತಾರಲ್ಲ ಎಂದು ನಮಗೆಲ್ಲ ಸಿಟ್ಟು.

ಮಣ್ಣಿನ ಮೇಲೆ ಅಚ್ಚೊತ್ತುವ ಹುಚ್ಚು ಬೇರೆ! ಮಗಳ ಕಪ್ಪಿಗೆ ಬಾಚಣಿಗೆ, ತಮ್ಮದಕ್ಕೆ ಇಳಕಲ್ ಸೀರೆಯ ಸೆರಗು. ನನ್ನದಕ್ಕೆ? ನನ್ನದೇ ಹವಾಯಿ ಚಪ್ಪಲಿಯ ಅಟ್ಟೆ!

"ನನಗ ಬ್ಯಾರೆ ಏನೂ ಸಿಗಲಿಲ್ಲೇನ್ರಿ?"

"ಏಯ್, ಅದರ ಗೆರಿ ಕೈಗೆ ಭಾಳ ಚಂದ ಹತ್ತತಾವ!"

ಸುಡಿಸಲು ನಾಚಾರಂನ ಭಟ್ಟಿಗೆ ಆಟೋದಲ್ಲಿ ಹೊರಟೆವು. ಕಾಕುವಿನ ತೊಡೆಯ ಮೇಲೆ ಕಪ್ಪುಗಳ ಡಬ್ಬ, ಪ್ರತಿ ಗುಂಡಿಗೂ, ನಿಧಾನ ಹೋಗೆಂದು, ಅವರ "ಧೀರೆ ಭೈಯಾ!" ಎಂಬ ಕೂಗು. ಒಳಗೆ ಮೊಟ್ಟೆ ಇವೆಯೇ ಎಂದು ಆಟೋದವನು ಕೇಳಿಯೇಬಿಟ್ಟ. ಅಂದು ಏಕಾದಶಿ! ಉಪವಾಸದ ದಿನ ಮೊಟ್ಟೆಯ ಮಾತು ಕೇಳಿದ ಕಾಕು ಡಬ್ಬದ ಮೇಲೆ ಸೆರಗು ಹೊದಿಸಿಬಿಟ್ಟರು.

ಕಪ್ಪುಗಳು ಸುಟ್ಟು ಬಂದ ದಿನ ಕಾಕು ಅವನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಸಾಲಾಗಿಟ್ಟು ಕಾಕಾನನ್ನು ಕೈಹಿಡಿದು ಕರೆತಂದರು. "ಮುಟ್ಟಿ ನೋಡ್ರಿ."

ಕಾಕಾ ಹೆಬ್ಬೆರಳಿಂದ ಸವರಿದರು. "ಬಾಚಣಿಗಿ... ಮಗಳದು. ಎರಡು ಚಮಚ." ಮುಂದಿನದನ್ನು ಸವರಿ ತಡೆದರು. ಮತ್ತೆ ಸವರಿದರು. ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕರು.

"ಚಪ್ಪಲಿ! ಇದು ನಿಂದ ತಮ್ಮಾ. ಸಕ್ಕರಿ ಇಲ್ಲ."

ಚಹಾಕ್ಕೆ ನೀರಿಟ್ಟವರು ಕಾಕಾನೇ. ಕಾಕು ನನ್ನ ಕಡೆ ನೋಡದೆ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಫ್ಯಾನ್ ಹಚ್ಚಕೋ ಹೋಗು" ಎಂದರು.