ಅಜ್ಜಿ ನೀರಿಗೆ ಬಿಟ್ಟ ಎಲುಬುಗಳು

ಬೆಚ್ಚಿಬೀಳುವುದರಲ್ಲಿ ನನಗೆ ಹುಟ್ಟಿನಿಂದಲೇ ಒಂದು ಪ್ರತಿಭೆಯಿದೆ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತೇನೆ, ಅಂಚೆಯವನು ಹೆಸರು ಹಿಡಿದು ಕರೆದರೂ ಬೆಚ್ಚುತ್ತೇನೆ. ಇಂಥವನು ಡಾಕ್ಟರಿಕೆ ಕಲಿಯಲು ಮದರಾಸಿಗೆ ಹೋದನೆಂದರೆ ನೀವೂ ಬೆಚ್ಚಬೇಕಾದ್ದೇ. ನಮ್ಮದು ಮೀನು ಹಿಡಿಯುವ ಮನೆತನ. ಮೀನಿನ ಮುಳ್ಳು ಬಿಡಿಸುವುದರಲ್ಲಿ ನಾನು ನಿಸ್ಸೀಮ. ಮನುಷ್ಯನ ಎಲುಬು ಕೈಗೆ ಬಂದರೆ ಮಾತ್ರ ಎಡದ್ದೋ ಬಲದ್ದೋ ತಿಳಿಯದು. ಎಲುಬಿನ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಾಗಿತ್ತು. ಇನ್ನೊಮ್ಮೆ ಹೊಡೆದರೆ ಕಾಲೇಜಿಗೆ ಕೈಮುಗಿದು ಮಾವನ ದೋಣಿಯಲ್ಲಿ ಹುಟ್ಟು ಹಾಕುವುದೇ ಗತಿ.

ಆದ್ದರಿಂದ ರಜೆಗೆ ಊರಿಗೆ ಬರುವಾಗ ಹಿರಿಯ ವಿದ್ಯಾರ್ಥಿಯೊಬ್ಬನನ್ನು ಕಾಡಿಬೇಡಿ ಅವನ ಎಲುಬುಗಳನ್ನು, ಅಂದರೆ ಅವನು ಓದಲು ಇಟ್ಟುಕೊಂಡಿದ್ದ ಎಲುಬುಗಳನ್ನು, ತಗಡಿನ ಟ್ರಂಕಿನಲ್ಲಿ ತುಂಬಿಸಿ ತಂದೆ. ಹೊಯಿಗೆ ಬಜಾರಿನ ನಮ್ಮ ಮನೆಯಲ್ಲಿ ‘ಪುಸ್ತಕ’ ಎಂದು ಹೇಳಿ ಮಂಚದಡಿಗೆ ತಳ್ಳಿದೆ. ಪೂರಾ ಸುಳ್ಳೇನಲ್ಲ, ಓದುವುದಕ್ಕೇ ತಂದದ್ದು.

ಒಂದು ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಕ್ಷೌರ ಮಾಡಿಸಿಕೊಂಡು ಬಂದು ನೋಡುತ್ತೇನೆ, ಟ್ರಂಕು ಬಾಯಿ ತೆರೆದು ಕೂತಿದೆ! ಒಳಗೆ ಕಿರುಬೆರಳಿನ ಎಲುಬೂ ಇಲ್ಲ. ಪಕ್ಕದಲ್ಲಿ ದೀಪ, ಊದುಬತ್ತಿ. ನಾನು ಬೆಚ್ಚಿಬಿದ್ದೆ.

“ಅಮ್ಮಾ, ಇದರಲ್ಲಿ ಇದ್ದದ್ದೆಲ್ಲ ಎಲ್ಲಿ?”

“ನಿನ್ನ ಪುಸ್ತಕ ಬಿಸಿಲಿಗೆ ಹಾಕುವಾ ಅಂತ ಅಜ್ಜಿ ತೆಗೆದದ್ದು ಮಾರಾಯ. ನೋಡಿದರೆ ಮನುಷ್ಯ! ಮಾವನ ದೋಣಿಯಲ್ಲಿ ಕೊಂಡುಹೋದರು. ಹೂ, ತೆಂಗಿನಕಾಯಿ ಎಲ್ಲ ಉಂಟು.”

ನಮ್ಮಲ್ಲಿ ಬಲೆಗೆ ಮನುಷ್ಯರ ಎಲುಬು ಸಿಕ್ಕಿದರೆ ಎಸೆಯುವುದಿಲ್ಲ. ಪಾಪ, ಯಾರೋ ಕಡಲಲ್ಲಿ ಹೋದವರು ಎಂದು ದೀಪ ತೋರಿಸಿ, ಹೂವು ಕಾಯಿಯೊಂದಿಗೆ ಮತ್ತೆ ನೀರಿಗೆ ಬಿಡುತ್ತಾರೆ. ಮದರಾಸಿನಿಂದ ರೈಲಿನಲ್ಲಿ ಬಂದವನಿಗೂ ಇದೇ ಮರ್ಯಾದೆ ಸಿಕ್ಕೀತೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ಹೊಳೆಯ ದಡಕ್ಕೆ ಓಡಿದೆ. ದೋಣಿ ನಡುನೀರಿನಲ್ಲಿತ್ತು. ಇಳಿತದ ಹೊತ್ತು, ನೀರೇ ಕಡಲಿಗೆ ಮುಟ್ಟಿಸುತ್ತದೆ ಎಂದು ಅಜ್ಜಿ ಅಲ್ಲೇ ಕೆಲಸ ಶುರುಮಾಡಿದ್ದರು.

“ಅಜ್ಜೀ, ಬಿಡಬೇಡಿ! ಅದು ನನ್ನ ಪಾಠ!”

ಅಜ್ಜಿಗೆ ಕೇಳಿಸಲಿಲ್ಲ. ಉದ್ದದ ಒಂದು ಎಲುಬನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡರು. ತೊಡೆಯ ಎಲುಬು, ಬಲಗಡೆಯದು! ಅಯ್ಯೋ, ಜೀವಮಾನದಲ್ಲಿ ಮೊದಲ ಸಲ, ಅದೂ ಅಷ್ಟು ದೂರದಿಂದ, ಸರಿಯಾಗಿ ಗುರುತಿಸಿದ್ದೆ. ಗುರುತಿಸುವಷ್ಟರಲ್ಲಿ ಅದು ಗುಳುಂ ಎಂದು ಮುಳುಗಿತು.

ದಡದಲ್ಲಿ ಮೀನಿನೆಣ್ಣೆ ಬಳಿದ ದೋಣಿಯೊಂದನ್ನು ಮಗುಚಿಟ್ಟಿದ್ದರು. ಅದರ ಮೇಲೆ ಹತ್ತಿ ಕೈಬೀಸಲು ಹೋದೆ. ಜಾರಿ, ಎಡಗೈಯೂರಿ ಬಿದ್ದೆ. ಹೆಗಲ ಹತ್ತಿರ ಲಟಕ್ಕೆಂದಿತು.

ಆಸ್ಪತ್ರೆಯ ಡಾಕ್ಟರಿಗೆ ನನ್ನ ಓದಿನ ವಿಷಯ ಯಾರೋ ಹೇಳಿಬಿಟ್ಟಿದ್ದರು. “ಯಾವ ಎಲುಬು ಮುರಿದದ್ದು, ಹೇಳಿ ನೋಡುವಾ?” ಎಂದರು.

“ನನ್ನದು ಸಾರ್!” ಎಂದು ಕಿರುಚಿದೆ.

ಎಡಗಡೆಯ ಕಾಲರ್ ಬೋನ್. ಎರಡು ಹೆಗಲನ್ನೂ ಹಿಂದಕ್ಕೆಳೆದು ಬಿಗಿಯಾಗಿ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಗಂಜಿ ಕುಡಿಸಲು ಬಂದ ಅಜ್ಜಿಯ ಮೇಲೆ ರೇಗಿದೆ: “ಎಂತ ಮಾಡಿದ್ರಿ ಅಜ್ಜಿ! ನಾನಿನ್ನು ಪಾಸಾಗುವುದು ಹೇಗೆ?”

“ಅದೆಲ್ಲ ನಂಗೆ ಗೊತ್ತಿಲ್ಲ ಮಗಾ. ಒಬ್ಬ ಮನುಷ್ಯನನ್ನು ಪೆಟ್ಟಿಗೆಗೆ ತುಂಬಿಸಿ ಮಂಚದಡಿ ಇಟ್ಟಿದ್ದಿಯಲ್ಲ, ಅವನಿಗೆ ಅಮ್ಮ ಇರ್ಲಿಲ್ವಾ? ಕಲಿಯಲಿಕ್ಕೆ ನಿನ್ನ ಎಲುಬೇ ಉಂಟಲ್ಲ.”

ಹಲ್ಲಿಗೆ ಬೆಚ್ಚಿದ್ದು, ಟ್ರಂಕಿಗೆ ಬೆಚ್ಚಿದ್ದು ಏನೂ ಅಲ್ಲ. ನಿಜವಾಗಿ ಬೆಚ್ಚಿಬಿದ್ದದ್ದು ಆಗ. ಅಷ್ಟು ಕಾಲ ಆ ಎಲುಬುಗಳನ್ನು ತಿರುವಿ ಮುರುವಿ ನೋಡಿದವನಿಗೆ ಅವನಿಗೂ ಒಬ್ಬ ತಾಯಿ ಇದ್ದಳೆಂದು ಹೊಳೆದೇ ಇರಲಿಲ್ಲ.

ಬೇರೆ ದಾರಿಯಿಲ್ಲದೆ ನನ್ನನ್ನೇ ನಾನು ಓದಿದೆ. ಮೈಯೆಲ್ಲ ಮುಟ್ಟಿಕೊಂಡು ಗೊಣಗುವುದನ್ನು ನೋಡಿ ಪಕ್ಕದ ಮನೆಯವರು “ಹುಡುಗನಿಗೆ ಮಂಡೆ ಸಮ ಇಲ್ಲ” ಎಂದರು. ಮದರಾಸಿಗೆ ಹೋಗಿ ಹಿರಿಯ ವಿದ್ಯಾರ್ಥಿಗೆ “ನಿಮ್ಮವರಿಗೆ ಸದ್ಗತಿಯಾಯಿತು” ಎಂದೆ. ಅವನು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ.

ಪರೀಕ್ಷೆಯ ದಿನ ಪರೀಕ್ಷಕರು ಮೇಜಿನ ಮೇಲಿಂದ ಒಂದನ್ನು ಎತ್ತಿ ಕೊಟ್ಟರು. ಕಾಲರ್ ಬೋನ್, ಎಡಗಡೆಯದೇ! ಎಲ್ಲಿ ಮುರಿಯುತ್ತದೆ, ಯಾವ ತುಂಡು ಮೇಲೇಳುತ್ತದೆ, ಹೆಗಲು ಹೇಗೆ ಜೋಲುತ್ತದೆ, ಸೀನಿದರೆ ಎಷ್ಟು ಜೀವ ಹೋಗುತ್ತದೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಸಂತೋಷದಿಂದ ಎಲುಬು ಹಿಂದಕ್ಕೆ ಪಡೆಯಲು ಕೈಚಾಚಿದರು. ಚಾಚಿದವರು ಹಾಗೆಯೇ ಬೆಚ್ಚಿ ನಿಂತರು. ಅವರ ಮುಖ ನೋಡಿದ ಮೇಲೆಯೇ ನನಗೆ ತಿಳಿದದ್ದು, ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡಿದ್ದೆ.