ಆಲ್ಸೀದನ ಪೀಪಿ

ಬಾತು ಬೇಟೆಗೆ ಯಾವ ಹೊತ್ತು ಒಳ್ಳೆಯದು ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳಿದ್ದೇ ಆಲ್ಸೀದ್ ಮಾಡಿದ ತಪ್ಪು. ಲೂಯಿಸಿಯಾನದ ಜೌಗಿನಲ್ಲಿ ಹುಟ್ಟಿದವನು ಕೇಳುವ ಪ್ರಶ್ನೆಯೇ ಅದು? ಆದರೆ ಪಾಪ, ಅವನಿಗೆ ಬೇರೆ ದಾರಿ ಇರಲಿಲ್ಲ. ಮರುದಿನ ಹಂಗಾಮಿನ ಕೊನೆಯ ದಿನ. ಅಷ್ಟರಲ್ಲಿ ಒಂದು ಬಾತಾದರೂ ಬೀಳದಿದ್ದರೆ, ಮಾವ ಮದುವೆಯಲ್ಲಿ ಕೊಟ್ಟಿದ್ದ ಜೋಡುನಳಿಗೆ ಬಂದೂಕು ಷಡ್ಡಕ ಕ್ಲೋವಿಸನ ಪಾಲು ಎಂದು ಅವರೇ ಹೇಳಿಬಿಟ್ಟಿದ್ದರು.

"ಹೊತ್ತು ಹುಟ್ಟೋ ಹೊತ್ತಿಗೆ ಹೋಗಯ್ಯ. ನಿದ್ದೆಗಣ್ಣಿನ ಬಾತಿಗೆ ದಿಕ್ಕೇ ತಿಳಿಯಲ್ಲ" ಎಂದ ಕ್ಷೌರದ ನರ್ಸೀಸ್.

"ಥೂ, ಮಧ್ಯಾಹ್ನ ಹೋಗು! ಹೊಟ್ಟೆ ತುಂಬಿದ್ರೆ ಅದಕ್ಕೆ ರೆಕ್ಕೆನೇ ಏಳಲ್ಲ" ಎಂದ ಅಂಚೆಯ ಎಮಾರ್.

"ಸಂಜೆ ಅಳಿಯಂದ್ರೇ, ಸಂಜೆ" ಎಂದರು ಮಾವ ತಿಯೋಫೀಲ್, ಮೊಣಕಾಲು ನೀವಿಕೊಳ್ಳುತ್ತ.

ಹೆಂಡತಿ ಒದೀಲ್ ಜಗಳ ಹರಿಸಿದಳು. "ಮೂರು ಹೊತ್ತೂ ಹೋಗ್ರೀ. ಊಟ ಮಾತ್ರ ಮೂರು ಹೊತ್ತು ಆಗುತ್ತಲ್ಲ!"

ಮುಂಜಾನೆ ಮಂಜಿನಲ್ಲಿ ಆಲ್ಸೀದ್ ದೋಣಿಯನ್ನು ಜೊಂಡಿನ ಮರೆಗೆ ತಳ್ಳಿ, ಹಕ್ಕಿಗಳನ್ನು ಮರುಳು ಮಾಡುವ ಮರದ ಬಾತುಗಳನ್ನು ನೀರಿಗೆ ತೇಲಿಬಿಟ್ಟು, ಬಿದಿರಿನ ಪೀಪಿ ಬಾಯಿಗಿಟ್ಟ. ಬಾತಿನ ಕೂಗನ್ನೇ ಕೂಗಿ ಬಾತುಗಳನ್ನು ಕರೆಯುವ ಪೀಪಿ ಅದು. ಅವನು ಊದಿದರೆ ಹಂದಿಯ ಬಾಲ ಬಾಗಿಲಿಗೆ ಸಿಕ್ಕಿದಂತಿತ್ತು. ಜೌಗಿನ ಬಾತುಗಳೆಲ್ಲ ಒಟ್ಟಿಗೇ ಎದ್ದು ದೌಡಾಯಿಸಿದವು. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಢಂ ಢಂ ಎಂದು ಕೇಳಿಸಿತು. "ಯಾವನೋ ಪುಣ್ಯವಂತ" ಎಂದು ಹೊಟ್ಟೆ ಉರಿದುಕೊಂಡು ಆಲ್ಸೀದ್ ಇನ್ನೂ ಜೋರಾಗಿ ಊದಿದ.

ಮಧ್ಯಾಹ್ನ ಮತ್ತೆ ಹೋದ, ಮತ್ತೆ ಊದಿದ, ಕೊನೆಗೊಂದು ಗುಂಡೂ ಹಾರಿಸಿದ. ಅದು ಅಚ್ಚುಕಟ್ಟಾಗಿ ತಗುಲಿತು, ಅವನದೇ ಮರದ ಬಾತಿಗೆ. ಊರ ಕಡೆ ಮತ್ತೆ ಢಂ ಢಂ.

ಸಂಜೆ ಕೆನ್ನೆ ಬಾಯುವಷ್ಟು ಊದಿದ. ಬೆಳಗಿನಿಂದ ಸಹಿಸಿಕೊಂಡು ನಿಂತಿದ್ದ ಒಂದು ಕೊಕ್ಕರೆಯೂ ಎದ್ದು ಹೋಯಿತು. ಸೂರ್ಯ ಮುಳುಗಿದ ಮೇಲೆ ಗುಂಡು ಹಾರಿಸುವಂತಿಲ್ಲ. ಆಲ್ಸೀದ್ ಜೋಲುಮುಖ ಹೊತ್ತು ಮನೆಗೆ ಬಂದ.

ಅಂಗಳದ ತುಂಬ ಪುಕ್ಕ. ಒಲೆಯ ಮೇಲೆ ಹಂಡೆಯಷ್ಟು ಗಂಬೋ, ಬಾತಿನ ಗಟ್ಟಿ ಸಾರು, ಕೊತಕೊತ ಕುದಿಯುತ್ತಿತ್ತು. ನರ್ಸೀಸ್, ಎಮಾರ್, ಮಾವ, ಷಡ್ಡಕ ಎಲ್ಲರೂ ಬಟ್ಟಲು ಹಿಡಿದು ಕೂತಿದ್ದರು.

"ಇಷ್ಟೊಂದು ಬಾತು ಎಲ್ಲಿಂದ ಬಂತು?"

"ನಮ್ಮ ಹಿತ್ತಲ ಗದ್ದೆಯಿಂದ್ಲೇ ಕಣ್ರೀ. ನೀವು ಪೀಪಿ ಊದಿದ್ರೆ ಸಾಕು, ಜೀವ ಉಳಿಸ್ಕೊಳ್ಳೋಕೆ ಎಲ್ಲ ಇಲ್ಲಿಗೇ ಓಡಿ ಬರ್ತವೆ" ಎಂದಳು ಒದೀಲ್.

"ನಂಗೆ ಅಂಗಡಿ ತೆಗೆಯೋಕೆ ಮುಂಚೆ ಬಿಡುವು" ಎಂದ ನರ್ಸೀಸ್.

"ನಂಗೆ ಮಧ್ಯಾಹ್ನ" ಎಂದ ಎಮಾರ್.

"ಸಂಜೆಗೆ ನನ್ನ ಮೊಣಕಾಲು ನೋವು ಸ್ವಲ್ಪ ಇಳಿದಿರುತ್ತೆ" ಎಂದರು ಮಾವ.

ಆಲ್ಸೀದನ ಮುಖ ಅರಳಿತು. "ಹಾಗಾದ್ರೆ ಇವೆಲ್ಲ ನನ್ನಿಂದ್ಲೇ ಬಿದ್ದಿದ್ದು! ಬಂದೂಕು ನಂದೇ ತಾನೆ, ಮಾವ?"

"ನಿಮ್ಮಿಂದ್ಲೇ, ಅದರಲ್ಲೇನು ಅನುಮಾನ?" ಮಾವ ಬಂದೂಕನ್ನು ಅವನ ಹೆಗಲಿನಿಂದ ಇಳಿಸಿ ಕ್ಲೋವಿಸನಿಗೆ ಕೊಟ್ಟರು. ಜೇಬಿನಿಂದ ಮೊಳದುದ್ದದ ಹೊಸ ಪೀಪಿ ತೆಗೆದು ಆಲ್ಸೀದನ ಕೈಗಿಟ್ಟರು. "ಇಂಥಾ ವಿದ್ಯೆ ಇರೋರಿಗೆ ಬಂದೂಕು ಯಾಕೆ ಅಳಿಯಂದ್ರೇ?"

ಕ್ಲೋವಿಸ್ ನಳಿಗೆ ಒರೆಸುತ್ತ ಹತ್ತಿರ ಬಂದ.

"ಅಣ್ಣಾ, ಬರೋ ವರ್ಷ ಹತ್ತು ಗಂಟೆಗೂ ಒಂದ್ಸಲ ಊದಿಬಿಡಿ. ನಾನು ಏಳೋದೇ ಆಗ."