ಮುಳ್ಳಿನ ಮಾತು ಕೇಳಿದ ದೋಣಿ

ಉತ್ತರಕ್ರಿಯೆ ಮುಗಿದು, ಕೊನೆಯ ನೆಂಟರೂ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಮಾವ ಹಿತ್ತಲ ಬಾಗಿಲಲ್ಲಿ ಬಂದು ನಿಂತರು.

"ಸುಗುಣಾ, ದೋಣಿ ಮೀಟರ್ ಮುಳ್ಳೆಲ್ಲ ಸರಿ ಮಾಡ್ದೆ! ಬಾ, ಕಾಣ್!"

ಅವರ ಕೊರಳಲ್ಲಿ ಕೆಂಪು ತಂತಿ ಸುತ್ತಿಕೊಂಡಿತ್ತು. ಕಣ್ಣಿಗೆ ಕನ್ನಡಕ ಇರಲಿಲ್ಲ.

ಕನ್ನಡಕವಿಲ್ಲದೆ ಮಾವ ಮಾಡುವ ರಿಪೇರಿಗಳು ಗಂಗೊಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ತಮ್ಮ ರೇಡಿಯೋ ಅಂಗಡಿ ಮುಚ್ಚಿದ ಮೇಲೆ ಅವರು ಮೀನಿನ ಪೊರೆ ತೆಗೆಯುವ ಫ್ಯಾನೊಂದನ್ನು ಕಂಡುಹಿಡಿದರು. ಅದು ಮೀನನ್ನು ಬಿಟ್ಟು ಗೋಡೆಯ ಸುಣ್ಣ ತೆಗೆಯಿತು. "ಸುಣ್ಣ ತೆಗೂದಕ್ಕೂ ಒಂದ್ ಮಿಷನ್ ಬೇಕಲ್ದಾ?" ಎಂದಿದ್ದರು.

ದೋಣಿ ನನ್ನ ಗಂಡ ಕರುಣಾಕರನದು. ಪ್ರವಾಸಿಗರನ್ನು ಕೂರಿಸಿಕೊಂಡು ಅಳಿವೆಯಲ್ಲಿ ಸುತ್ತು ಹಾಕಿಸುವ ಸ್ಪೀಡ್ ಬೋಟು. ನೀರಿನ ಮೇಲೆ ನಾಲ್ಕು ವರ್ಷ ಏನೂ ಆಗದವನು ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಸತ್ತ. ದೋಣಿಯ ತಪ್ಪೇನೂ ಇರಲಿಲ್ಲ. ಆದರೂ ನನಗದು ಬೇಡವಾಗಿತ್ತು. ಚಾಲಕನ ಸೀಟಿನ ಸ್ಪಂಜಿನಲ್ಲಿ ಅವನು ಕುಳಿತು ಕುಳಿತು ಆದ ತಗ್ಗು ಹಾಗೇ ಇತ್ತು. ಅದನ್ನು ದಿನಾ ನೋಡುವುದು ನನ್ನಿಂದಾಗದು. ಮಲ್ಪೆಯಿಂದ ಹಳೇ ದೋಣಿಗಳ ವ್ಯಾಪಾರಿ ಪುರಂದರ ಸಾಲಿಯಾನರಿಗೆ ಬರಹೇಳಿದ್ದೆ. ಮಗನ ದೋಣಿ ಮಾರುವುದು ಮಾವನಿಗೆ ಇಷ್ಟವಿರಲಿಲ್ಲ. ಅದನ್ನವರು ಹೇಳಲಿಲ್ಲ, ಉಪ್ಪು ಹಿಡಿದು ಕೆಟ್ಟಿದ್ದ ಮೀಟರುಗಳಿಗೆ ಹೊಸ ತಂತಿ ಎಳೆಯುತ್ತ ಕುಳಿತರು.

ಬಾಗಿಲಿಗೆ ಬೀಗ ಹಾಕಿ ದೋಣಿ ಕಟ್ಟುವ ದಕ್ಕೆಗೆ ಹೋದೆವು. ಪುರಂದರರು ಬಿಳೀ ಶೂ ಹಾಕಿಕೊಂಡು ಆಗಲೇ ದೋಣಿಯಲ್ಲಿ ನಿಂತಿದ್ದರು. ನಾವೂ ಹತ್ತಿದೆವು.

"ಕೀ ಕೊಡಿ ಮಾರಾಯ್ರೆ, ಒಂದು ರೌಂಡ್ ಹೋಗುವ."

"ಕೀ ಎಂತಕ್ಕೆ? ಮೊದ್ಲ್ ಮುಳ್ಳ್ ಕಾಣಿ!" ಎಂದರು ಮಾವ. ಮೀಟರುಗಳ ಗಾಜನ್ನು ತೆಗೆದಿಟ್ಟಿದ್ದರು. ಪೆಟ್ರೋಲಿನ ಮುಳ್ಳು ಖಾಲಿಯಲ್ಲಿತ್ತು. "ಇದೊಂದ್ ಜಾಮ್ ಆಯ್ತ್" ಎಂದು ಬೆರಳಿನಿಂದ ಅದನ್ನು ಪೂರ್ತಿ ಬಲಕ್ಕೆ ತಳ್ಳಿದರು.

ಟ್ಯಾಂಕು ಗುಳುಗುಳು ಎಂದಿತು. ಪುರಂದರರು ಮುಚ್ಚಳ ತೆರೆದರು. ಕಂಠಮಟ್ಟ ಪೆಟ್ರೋಲು!

"ಮಾವ, ತಂತಿ ಉಲ್ಟಾ ಆಗಿದೆ" ಎಂದೆ. "ದೋಣಿ ಹೇಳಿದ್ದನ್ನು ಮುಳ್ಳು ತೋರಿಸಬೇಕು. ಇಲ್ಲಿ ಮುಳ್ಳು ತೋರಿಸಿದ್ದನ್ನು ದೋಣಿ ಕೇಳ್ತಿದೆ."

"ಉಲ್ಟಾ ಅಲ್ಲ, ನಾ ಅದನ್ನೇ ಮಾಡಿದ್ದ್!" ಎಂದರು ಮಾವ, ಆ ಕ್ಷಣವೇ ತೀರ್ಮಾನಿಸಿ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಇದು ಸಾಧ್ಯವಿಲ್ಲವೆಂದು ವಿವರಿಸಬಲ್ಲೆ. ವಿವರಿಸತೊಡಗಿದೆ. ಅಷ್ಟರಲ್ಲಿ ಉಕ್ಕಿದ ಪೆಟ್ರೋಲು ನನ್ನ ಕಾಲ ಮೇಲೆ ಹರಿಯಿತು.

"ಚಿನ್ನದಂಥ ದೋಣಿ ಮಾರಾಯ್ರೆ!" ಎಂದು ಪುರಂದರರು ಸಂಭ್ರಮದಿಂದ ತಿರುಗಿದರು. ಅವರ ಮೊಣಕೈ ವೇಗದ ಮುಳ್ಳಿಗೆ ತಾಗಿತು.

ಕೀ ಮಾವನ ಜೇಬಿನಲ್ಲಿತ್ತು. ಎಂಜಿನ್ ನಿಂತೇ ಇತ್ತು. ದೋಣಿ ಮಾತ್ರ ಹೊರಟಿತು. ಕಟ್ಟಿದ ಹಗ್ಗದ ಜೊತೆ ದಕ್ಕೆಯ ಒಂದು ಹಲಗೆ ಬಂತು, ಹಲಗೆಯ ಮೇಲೆ ಮಲಗಿದ್ದ ಬೆಕ್ಕೂ ಬಂತು.

"ನಿಲ್ಸಿ! ನಂಗೆ ಈಜ್ಲಿಕ್ಕೆ ಬರುದಿಲ್ಲ!"

"ದೋಣಿ ವ್ಯಾಪಾರಿ, ಈಜು ಬತ್ತಿಲ್ಯಾ?" ಎಂದರು ಮಾವ.

"ನಾನು ಮಾರುದು ಮಾರಾಯ್ರೆ, ಓಡ್ಸುದಲ್ಲ!"

ಮಾವ ಮುಳ್ಳನ್ನು ಹಿಂದೆ ಎಳೆದರು. ಕನ್ನಡಕ ಇಲ್ಲದ್ದರಿಂದ ಎಳೆದದ್ದು ಶಾಖದ ಮುಳ್ಳನ್ನು. ಹಿಂದೆ ಎಂದುಕೊಂಡು ಎಳೆದದ್ದು ಮುಂದಕ್ಕೆ. ಸುತ್ತಲಿನ ನೀರು ಕುದಿಯತೊಡಗಿತು. ಬೆಂದ ಸಿಗಡಿಗಳು ಒಂದೊಂದಾಗಿ ತೇಲಿ ಹಲಗೆಯ ಪಕ್ಕ ಬಂದವು. ಬೆಕ್ಕು ಪ್ರಯಾಣದ ಬಗ್ಗೆ ಮನಸ್ಸು ಬದಲಿಸಿತು.

ನಾನು ಶಾಖದ ಮುಳ್ಳನ್ನು ಇಳಿಸಿ, ಆಳದ ಮುಳ್ಳನ್ನು ಸೊನ್ನೆಗೆ ತಂದೆ. ನೀರಿಲ್ಲದಿದ್ದರೆ ದೋಣಿ ಓಡದು ಎನ್ನುವಷ್ಟು ಭೌತಶಾಸ್ತ್ರ ಇನ್ನೂ ಉಳಿದಿತ್ತು.

ದೋಣಿ ಕೆಸರಿಗೆ ಕುಳಿತು ನಿಂತಿತು. ಹೊಳೆಯ ನಡುವೆ ನಮ್ಮ ಸುತ್ತ ಬಾವಿಯಂತೆ ದುಂಡಗೆ ಒಣ ಜಾಗ, ಅದರ ಸುತ್ತ ನೀರಿನ ಗೋಡೆ. ಗೋಡೆಯೊಳಗಿಂದ ಒಂದು ಕಾಣೆ ಮೀನು ನಮ್ಮನ್ನು ನೋಡಿ ಹೋಯಿತು. ನಾನು ವೇಗದ ಮುಳ್ಳನ್ನೂ ಸೊನ್ನೆ ಮಾಡಿದೆ.

ಪುರಂದರರು ಶೂ ಒರೆಸಿಕೊಂಡರು. ಅವರು ವ್ಯಾಪಾರಿ, ಬೇಗ ಚೇತರಿಸಿಕೊಂಡರು.

"ದೋಣಿ ನಂಗೇ ಇರಲಿ. ಒಂದು ಸಣ್ಣ ಕೆಲಸ. ಆ ಗಂಟೆ ಮೀಟರ್ ಸ್ವಲ್ಪ ಹಿಂದೆ ತಿರುಗಿಸಿ ಕೊಡಿ. ಎಲ್ಲರೂ ಮಾಡ್ತಾರೆ. ಕಡಿಮೆ ಓಡಿದ ದೋಣಿ ಅಂತ ಮಾರ್ಲಿಕ್ಕೆ ಉಂಟಲ್ಲ?"

ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಎಣಿಸುವ ಮೀಟರು ಅದು. ಮಾವ ಅದನ್ನು ನೋಡಿದರು. ಆಮೇಲೆ ಸೀಟಿನ ತಗ್ಗನ್ನು ನೋಡಿದರು. ಆಮೇಲೆ ನನ್ನನ್ನು.

"ಬೇಡ ಮಾವ" ಎಂದೆ. "ಅವನು ಹೋದದ್ದು ದೋಣಿಯಲ್ಲಲ್ಲ."

"ಗೊತ್ತಿತ್ತ್ ಸುಗುಣಾ. ಒಂದ್ ಸಲ ಕಾಂಬ."

"ಯಾರು ಹೋದದ್ದು?" ಎಂದರು ಪುರಂದರರು.

ನಾನು ತಲೆಯಿಂದ ಪಿನ್ನು ತೆಗೆದುಕೊಟ್ಟೆ. ಏನನ್ನೂ ನಿರೀಕ್ಷಿಸಬಾರದೆಂದು ನಿಶ್ಚಯಿಸಿಕೊಂಡೇ ಕೊಟ್ಟೆ.

ಮಾವ ಅಂಕಿಯ ಚಕ್ರಗಳನ್ನು ಹಿಂದೆ ತಿರುಗಿಸಿದರು. ದೋಣಿಯ ಗೀರುಗಳು ಮಾಸಿದವು. ತುಕ್ಕು ಹೋಯಿತು. ಪ್ರವಾಸಿಗರು ನೀರಿಗೆ ಬೀಳಿಸಿಕೊಂಡಿದ್ದ ವಸ್ತುಗಳು ಸೀಟಿನ ಮೇಲೆ ಬಂದು ಬಂದು ಮಾಯವಾದವು: ತಂಪು ಕನ್ನಡಕ, ಒಂಟಿ ಚಪ್ಪಲಿ, ಒಬ್ಬ ಯಜಮಾನರ ಹಲ್ಲಿನ ಸೆಟ್ಟು. ಹಲ್ಲು ಬಂತು, ಯಜಮಾನರು ಬರಲಿಲ್ಲ. ನಾನು ಅದನ್ನು ಗಮನಿಸಿದೆ. ಮಾವ ಗಮನಿಸಲಿಲ್ಲ.

ಚಾಲಕನ ಸೀಟಿನಲ್ಲಿ ಯಾರೂ ಕಾಣಿಸಲಿಲ್ಲ. ತಗ್ಗು ಮಾತ್ರ ಮೇಲೇರುತ್ತ ಬಂತು. ಹಿಂದೆ ಹೋದಷ್ಟೂ ಅವನು ಕಡಿಮೆ ಕುಳಿತಿದ್ದ.

"ಸಾಕು ಮಾವ."

"ಇನ್ನ್ ಸ್ವಲ್ಪ."

"ಸಾಕೇ ಸಾಕು ಮಾರಾಯ್ರೆ!" ಎಂದರು ಪುರಂದರರೂ. "ಇಷ್ಟು ಹೊಸತು ಬೇಡ!"

ಮೀಟರು ಸೊನ್ನೆಗೆ ಬಂತು. ಸೀಟಿನ ಮೇಲೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಮಿರುಗಿತು. ಅದರಡಿಯಲ್ಲಿ ಸ್ಪಂಜು ಸಮವಾಗಿತ್ತು. ಯಾರೂ ಎಂದೂ ಕೂರದ ಸೀಟು. ದೋಣಿಯ ಮೂತಿಗೆ ಅರಿಶಿನ ಕುಂಕುಮ, ಸೇವಂತಿಗೆ ಮಾಲೆ, ಒಡೆದ ಕಾಯಿಯ ನೀರು. ಕೆಳಗೆ ಒಂದು ಹಿತ್ತಾಳೆಯ ಆರತಿ ತಟ್ಟೆ. ಕರ್ಪೂರ ಉರಿಯುತ್ತಿತ್ತು.

ದೋಣಿಯನ್ನು ಮೊದಲ ಸಲ ನೀರಿಗಿಳಿಸಿದ ಬೆಳಿಗ್ಗೆ.

ಮಾವ ಮುಂದೆ, ಹಿಂದೆ, ಸೀಟಿನಡಿ, ನೀರಿನ ಗೋಡೆಯವರೆಗೂ ನೋಡಿದರು.

"ಅವ ಎಲ್ಲ್ ಹೋದ?"

ನನಗೆ ನೆನಪಿತ್ತು. ಪೂಜೆಯ ತಟ್ಟೆಯನ್ನು ಅಲ್ಲಿಟ್ಟು ಅವನು ದಕ್ಕೆಯಿಂದ ಓಡಿ ಬಂದಿದ್ದ. ನಾನು ಸೀರೆಯ ನೆರಿಗೆ ಸರಿಮಾಡುತ್ತ ತಡಮಾಡಿದ್ದೆ.

"ನನ್ನನ್ನು ಕರೆಯಲು ಮನೆಗೆ ಹೋಗಿದ್ದಾನೆ" ಎಂದೆ.

ಮಾವ ಆಳದ ಮುಳ್ಳನ್ನು ತಾವೇ ಏರಿಸಿದರು. ಈ ಸಲ ತಪ್ಪಲಿಲ್ಲ. ನೀರು ಮೆಲ್ಲಗೆ ಬಂದು ನಮ್ಮನ್ನೆತ್ತಿತು. ನಾನು ವೇಗದ ಮುಳ್ಳನ್ನು ತುಸುವೇ ತಳ್ಳಿ ದೋಣಿಯನ್ನು ದಕ್ಕೆಯತ್ತ ತಿರುಗಿಸಿದೆ. ದಕ್ಕೆ ಮುಟ್ಟುವ ಮೊದಲೇ ಅವರು ಹಾರಿ, ಅರುವತ್ತೆಂಟರ ಪ್ರಾಯದಲ್ಲಿ ಮನೆಯತ್ತ ಓಡಿದರು.

ಪುರಂದರರು ದೋಣಿಯನ್ನು ತುದಿಯಿಂದ ತುದಿಗೆ ಮೂರು ಸಲ ನೋಡಿದರು. "ಕಾಗದದಲ್ಲಿ ನಾಲ್ಕು ವರ್ಷ ಹಳತು, ಕಂಡರೆ ಇವತ್ತಿನದು. ಪೊಲೀಸರು ಕದ್ದ ಮಾಲು ಅಂತ ನನ್ನನ್ನೇ ಹಿಡೀತಾರೆ. ಹಳತಾದ ಮೇಲೆ ಫೋನ್ ಮಾಡಿಯಮ್ಮ" ಎಂದು ಹೊರಟುಹೋದರು. ಬೆಕ್ಕು ಇಳಿಯಲೊಪ್ಪಲಿಲ್ಲ.

ಮಾವ ನಡೆದುಕೊಂಡು ವಾಪಸು ಬಂದರು.

"ಬೀಗ ನಾವ್ ಹಾಕಿದ್ ಹಾಂಗೇ ಇತ್ತ್."

"ಹೂಂ."

"ಗಂಟೆ ದೋಣಿದ್ ಮಾತ್ರ ಹಿಂದೆ ಹೋಯ್ತ್. ಮನಿಗೆ ತಂತಿ ಎಳೀಲಿಲ್ಲೆ ಅಲ್ದಾ" ಎಂದರು. ಮನೆಗೆ ಎಷ್ಟು ತಂತಿ ಬೇಕಾದೀತೆಂದು ಅವರು ಕೇಳುವ ಮೊದಲು ನಾನು ಅವರ ಕೊರಳಿನ ಕೆಂಪು ತಂತಿ ಬಿಚ್ಚಿ ಸುತ್ತಿಟ್ಟೆ. ಅವರು ಬಿಡಿಸಿಕೊಳ್ಳಲಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಸೀಟಿನ ಒಂದು ಅಂಚಿಗೆ ಕುಳಿತರು. ನಾನು ಇನ್ನೊಂದು ಅಂಚಿಗೆ ಕುಳಿತೆ. ಸ್ಪಂಜು ಗಟ್ಟಿಯಾಗಿತ್ತು.

ಕರ್ಪೂರ ಆರಿದ ಮೇಲೆ ತಟ್ಟೆಯನ್ನು ಎತ್ತಿಕೊಂಡೆ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಪಕ್ಕದ ಮನೆಯ ಮುತ್ತಕ್ಕನ ಹೆಸರು ಕೆತ್ತಿತ್ತು. ಆ ಬೆಳಿಗ್ಗೆ ಅವನು ಕೇಳಿ ತಂದದ್ದು. ಮೊದಲ ತಿರುವಿನಲ್ಲೇ ನೀರಿಗೆ ಬಿದ್ದಿತ್ತು. ಅವನು ಅದನ್ನು ಅವರಿಗೆ ಹೇಳಿರಲಿಲ್ಲ.

ಮುತ್ತಕ್ಕ ಅಂಗಳದಲ್ಲಿ ಒಣಮೀನು ಹರಡುತ್ತಿದ್ದರು.

"ಅಂತೂ ಬಂತಾ ತಟ್ಟೆ! ನಾಳೆ ಕೊಡ್ತೆ ಅಂದಿದ್ದ ನಿನ್ನ ಗಂಡ" ಎನ್ನುತ್ತ ಕೈಚಾಚಿದವರು ಥಟ್ಟನೆ ಹಿಂದೆಳೆದುಕೊಂಡರು. "ಅಬ್ಬಾ! ಬಿಸಿ ಇತ್ತಲ್ಲೆ!"

"ಹೌದು" ಎಂದೆ. "ಈಗಷ್ಟೇ ಇಟ್ಟು ಹೋದ."

ಮುತ್ತಕ್ಕ ಸೆರಗಿನಲ್ಲಿ ತಟ್ಟೆ ಹಿಡಿದು, ಹಸಿ ಕುಂಕುಮವನ್ನು ಹೆಬ್ಬೆರಳಿನಿಂದ ಉಜ್ಜಿದರು.

"ತೊಳ್ದ್ ಕೊಡ್ಲಿಲ್ಲ ಕಾಣ್" ಎಂದರು.